ಸೂಟ್‌ಕೇಸಿನಲ್ಲಿ ಏನಿತ್ತು: ಆಕ್ರಮಿತ ಫ್ರಾನ್ಸಿನ ಗುಪ್ತಚಾರಿಣಿಯರ ಕೆಲಸ

1943ರಲ್ಲಿ ಒಂದು ದಿನ ಪ್ಯಾರಿಸ್ಸಿನ ಮೆಟ್ರೊ ರೈಲಿನಲ್ಲಿ ಸಣ್ಣ ಮೈಕಟ್ಟಿನ ಯುವತಿಯೊಬ್ಬಳು ಭಾರವಾದ ಸೂಟ್‌ಕೇಸೊಂದನ್ನು ಕಾಲ ಬಳಿ ಇಟ್ಟುಕೊಂಡು ಹೋಗುತ್ತಿದ್ದಳು. ಇಬ್ಬರು ಜರ್ಮನ್ನರ ಕಣ್ಣು ಆ ಪೆಟ್ಟಿಗೆಯ ಮೇಲೆ ಬಿತ್ತು. ಏನಿದೆ ಇದರಲ್ಲಿ ಎಂದು ಕೇಳಿದರು. ಸಿನಿಮಾ ತೋರಿಸುವ ಯಂತ್ರ ಎಂದಳು. ಅವರ ಮುಖದಲ್ಲಿ ಅನುಮಾನ ಕಂಡು, ಮುಚ್ಚಳವನ್ನು ಒಂದಿಷ್ಟೇ ಎತ್ತಿ, ನೋಡಿ, ಪುಟ್ಟ ಪುಟ್ಟ ಬಲ್ಬುಗಳು ಕಾಣುತ್ತಿವೆಯಲ್ಲ ಎಂದು ತೋರಿಸಿದಳಂತೆ. ಅದು ರೇಡಿಯೊ ಟ್ರಾನ್ಸ್‌ಮಿಟರ್. ಅಂಥ ಯಂತ್ರವನ್ನು ಹತ್ತಿರದಿಂದ ಕಂಡಿರದ ಅವರಿಬ್ಬರೂ ಮಾತನ್ನು ನಂಬಿ ಸುಮ್ಮನಾದರು. ಆಕೆಯ ಜೀವನಚರಿತ್ರೆಕಾರರು ಹೇಳುವ ಈ ಪ್ರಸಂಗದ ನಾಯಕಿ ನೂರ್ ಇನಾಯತ್ ಖಾನ್.

ಕನ್ನಡದಲ್ಲಿ ಈ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ಗೊತ್ತಿರುವುದು ಒಂದೇ ಸಂಗತಿ: ಆಕೆ ಟಿಪ್ಪು ಸುಲ್ತಾನನ ವಂಶದವಳು. ಸಂಗತಿ ನಿಜವೇ. ಬರೋಡದ ಸಂಗೀತಗಾರ ಮೌಲಾ ಬಕ್ಷ್ ಕರ್ನಾಟಕ ಸಂಗೀತ ಕಲಿತು ಮೈಸೂರಿನ ಅರಮನೆಯ ಮನ್ನಣೆ ಪಡೆದವನು. ಟಿಪ್ಪುವಿನ ಮನೆತನದ ಹೆಣ್ಣನ್ನು ಮದುವೆಯಾದವನು. ಅವನ ಮಗಳ ಮಗ ಇನಾಯತ್ ಖಾನ್, ವೀಣೆ ಹಿಡಿದು ಪಶ್ಚಿಮಕ್ಕೆ ಹೋಗಿ ಸೂಫಿ ಗುರುವಾದ. ಅವನ ಹಿರಿಯ ಮಗಳು ನೂರ್. ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೊದಲ್ಲಿ, ತಾಯಿ ಅಮೆರಿಕದವಳು, ಬೆಳೆದದ್ದು ಪ್ಯಾರಿಸ್ಸಿನ ಅಂಚಿನ ಸುರೇನ್‌ನಲ್ಲಿ. ಆದರೆ ಆಕೆಯ ಧೈರ್ಯವನ್ನೆಲ್ಲ ಮೈಸೂರು ಹುಲಿಯ ರಕ್ತದ ಲೆಕ್ಕಕ್ಕೆ ಬರೆದುಬಿಡುವುದು ನನಗೆ ಸೋಮಾರಿತನ ಎನಿಸುತ್ತದೆ. ಅಷ್ಟು ಹೇಳಿದರೆ ಆಕೆ ಮಾಡಿದ ಕೆಲಸ ಏನು, ಅದು ಹೇಗೆ ನಡೆಯುತ್ತಿತ್ತು, ಯಾಕೆ ಅಷ್ಟು ಜನ ಸತ್ತರು ಎಂಬುದನ್ನು ಕೇಳುವ ಗೋಜೇ ಉಳಿಯುವುದಿಲ್ಲ. ಈ ಲೇಖನ ಅದರ ಬಗ್ಗೆ.

1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾಯಿತು. ಜುಲೈನಲ್ಲಿ ಬ್ರಿಟನ್ ಒಂದು ಹೊಸ ರಹಸ್ಯ ಸಂಸ್ಥೆಯನ್ನು ಕಟ್ಟಿತು: ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್, ಚಿಕ್ಕದಾಗಿ ಎಸ್‌ಒಇ. ಯುರೋಪಿಗೆ ಬೆಂಕಿ ಹಚ್ಚಿ ಎಂಬುದು ಅದಕ್ಕೆ ಚರ್ಚಿಲ್ ಕೊಟ್ಟ ಆದೇಶ ಎನ್ನುತ್ತಾರೆ. ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಅದರ ಕಚೇರಿ. ಗೂಢಚಾರರೆಂದರೆ ಸುದ್ದಿ ಕದಿಯುವವರು ಎಂದಷ್ಟೇ ನಾವು ತಿಳಿದಿದ್ದೇವೆ. ಎಸ್‌ಒಇಯ ಕೆಲಸ ಅದಕ್ಕಿಂತ ಬೇರೆ. ಶತ್ರುವಿನ ಹಿಡಿತದಲ್ಲಿರುವ ನಾಡಿನೊಳಕ್ಕೆ ಜನರನ್ನು ಇಳಿಸುವುದು, ಅಲ್ಲಿಯ ಪ್ರತಿರೋಧದ ಗುಂಪುಗಳಿಗೆ ಬಂದೂಕು, ಸ್ಫೋಟಕ, ಹಣ ಒದಗಿಸುವುದು, ರೈಲು ಹಳಿ ಮತ್ತು ಕಾರ್ಖಾನೆಗಳನ್ನು ಒಡೆಯುವುದು. ಸುದ್ದಿ ಕದಿಯುವವನು ಆದಷ್ಟು ಕಡಿಮೆ ಜನರೊಡನೆ ಬೆರೆಯಬೇಕು. ಇವರಾದರೋ ನೂರಾರು ಜನರೊಡನೆ ಬೆರೆಯಲೇಬೇಕಿತ್ತು. ಅಪಾಯದ ಬೀಜ ಇದ್ದದ್ದು ಅಲ್ಲಿಯೇ.

ಫ್ರಾನ್ಸಿಗೆ ಏಜೆಂಟರನ್ನು ಕಳಿಸುತ್ತಿದ್ದ ಮುಖ್ಯ ವಿಭಾಗದ ಹೆಸರು ‘ಎಫ್’. ಮುಖ್ಯಸ್ಥ ಮೌರಿಸ್ ಬಕ್‌ಮಾಸ್ಟರ್. ಅವನ ಬಲಗೈ ರೊಮೇನಿಯಾದಲ್ಲಿ ಹುಟ್ಟಿದ ವೆರಾ ಅಟ್ಕಿನ್ಸ್. ಈ ವಿಭಾಗ ಕಳಿಸಿದ ನಾನೂರಕ್ಕೂ ಹೆಚ್ಚು ಜನರಲ್ಲಿ ಹೆಂಗಸರು 39.

ಯುದ್ಧದಲ್ಲಿ ಹೆಂಗಸರು ಆಯುಧ ಹಿಡಿಯಬಾರದೆಂಬ ಕಾಲದಲ್ಲಿ ಅವರನ್ನು ಯಾಕೆ ಕಳಿಸಿದರು? ಸಮಾನತೆಯ ಆದರ್ಶಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಕಾರಣ ಫ್ರಾನ್ಸಿನ ಬೀದಿಯಲ್ಲಿತ್ತು. ಜರ್ಮನಿಯ ಕಾರ್ಖಾನೆಗಳಿಗೆ ಆಳು ಬೇಕಾಗಿ, 1943ರ ಫೆಬ್ರವರಿಯಲ್ಲಿ ಜರ್ಮನ್ನರಿಗೆ ಮಣಿದಿದ್ದ ಫ್ರಾನ್ಸಿನ ವಿಶೀ ಸರ್ಕಾರ ಯುವಕರಿಗೆ ಕಡ್ಡಾಯ ದುಡಿಮೆಯ ಕಾನೂನು ತಂದಿತು. ಅಲ್ಲಿಂದಾಚೆ ಇಪ್ಪತ್ತೈದರ ಗಂಡಸು ಹಗಲು ಹೊತ್ತಿನಲ್ಲಿ ಸೈಕಲ್ ಮೇಲೆ ಊರೂರು ತಿರುಗುತ್ತಿದ್ದರೆ, ಇವನು ಇಲ್ಲೇಕಿದ್ದಾನೆ, ಕಾಗದಪತ್ರ ತೋರಿಸು ಎಂಬ ಪ್ರಶ್ನೆ ಮೂಡುವುದು ಸಹಜ. ಹೆಂಗಸಿನ ವಿಷಯ ಹಾಗಲ್ಲ. ಗಂಡಂದಿರು ಸೆರೆಯಲ್ಲೋ ಜರ್ಮನಿಯಲ್ಲೋ ಇದ್ದ ಊರುಗಳಲ್ಲಿ ಮೊಟ್ಟೆ, ಬೆಣ್ಣೆ, ಆಲೂಗಡ್ಡೆ ಹುಡುಕಿಕೊಂಡು ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿಯುವ ಹೆಂಗಸರು ದಿನವೂ ಸಾವಿರಾರು. ಅವರ ನಡುವೆ ಇನ್ನೊಬ್ಬಳು ಇದ್ದರೆ ಯಾರ ಕಣ್ಣಿಗೂ ಬೀಳಳು. ನೇಮಕಾತಿ ನೋಡಿಕೊಳ್ಳುತ್ತಿದ್ದ ಸೆಲ್ವಿನ್ ಜೆಪ್ಸನ್, ಒಬ್ಬಂಟಿಯಾಗಿ ತಣ್ಣಗೆ ಧೈರ್ಯ ಹಿಡಿದಿರುವ ಶಕ್ತಿ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಎಂದು ನಂಬಿದ್ದ. ಮೇಲಿನವರು ಗೊಣಗಿದರು, ಚರ್ಚಿಲ್ ಒಪ್ಪಿದ.

ಕಾನೂನಿನ ಒಂದು ತೊಡಕನ್ನು ಇಲ್ಲೇ ಹೇಳಿಬಿಡಬೇಕು. ಸಮವಸ್ತ್ರದಲ್ಲಿ ಸಿಕ್ಕಿಬಿದ್ದ ಸೈನಿಕ ಯುದ್ಧಕೈದಿ, ಅವನನ್ನು ಕೊಲ್ಲುವಂತಿಲ್ಲ. ಸಾಮಾನ್ಯ ಉಡುಪಿನಲ್ಲಿ ಸುಳ್ಳು ಹೆಸರು ಹೊತ್ತು ಸಿಕ್ಕಿಬಿದ್ದವರಿಗೆ ಆ ರಕ್ಷಣೆ ಇರಲಿಲ್ಲ. ಹೊರಡುವ ಮುನ್ನ ಈ ಹೆಂಗಸರನ್ನು ಫ್ಯಾನಿ ಎಂದು ಕರೆಯುತ್ತಿದ್ದ ಶುಶ್ರೂಷಾ ದಳಕ್ಕೋ ವಾಯುಪಡೆಯ ಮಹಿಳಾ ವಿಭಾಗಕ್ಕೋ ಸೇರಿಸಿ ಒಂದು ಹುದ್ದೆ ಕೊಡುತ್ತಿದ್ದರು. ಒಂದಿಷ್ಟು ಗೌರವ ಸಿಕ್ಕೀತು, ಮನೆಯವರಿಗೆ ಹೇಳಿಕೊಳ್ಳಲು ಒಂದು ಕೆಲಸವಾದರೂ ಇದ್ದೀತು ಎಂಬ ಲೆಕ್ಕ. ಜರ್ಮನ್ನರು ಅದನ್ನು ಕ್ಯಾರೇ ಎನ್ನಲಿಲ್ಲ.

ತರಬೇತಿಯಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸ್ಫೋಟಕ ಕಟ್ಟುವುದು, ಸದ್ದಿಲ್ಲದೆ ಕೊಲ್ಲುವುದು, ಮ್ಯಾಂಚೆಸ್ಟರ್ ಹತ್ತಿರದ ರಿಂಗ್‌ವೇಯಲ್ಲಿ ಪ್ಯಾರಾಶೂಟ್ ಹಾರುವುದು ಎಲ್ಲ ಇದ್ದವು. ಸಿನಿಮಾಗಳಿಗೆ ಇಷ್ಟವಾಗುವುದು ಈ ಭಾಗ. ಏಜೆಂಟರ ಜೀವ ಉಳಿಸಿದ್ದು ಮಾತ್ರ ಹ್ಯಾಂಪ್‌ಶೈರಿನ ಬ್ಯೂಲಿ ಎಂಬ ಎಸ್ಟೇಟಿನಲ್ಲಿ ಹೇಳಿಕೊಡುತ್ತಿದ್ದ, ನೋಡಲು ಏನೂ ಅಲ್ಲದ ಪಾಠಗಳು. ರಸ್ತೆ ದಾಟುವಾಗ ಮೊದಲು ಯಾವ ಕಡೆ ನೋಡಬೇಕು? ಬ್ರಿಟನ್ನಿನಲ್ಲಿ ಬಲಕ್ಕೆ, ಫ್ರಾನ್ಸಿನಲ್ಲಿ ಎಡಕ್ಕೆ. ಹೋಟೆಲಿನಲ್ಲಿ ‘ಕಪ್ಪು ಕಾಫಿ’ ಎಂದು ಕೇಳಿದರೆ ಕೆಟ್ಟಿತು; ಹಾಲೇ ಸಿಗದ ನಾಡಿನಲ್ಲಿ ಇದ್ದದ್ದೆಲ್ಲ ಕಪ್ಪು ಕಾಫಿಯೇ, ಅಲ್ಲಿಯವರು ಅದನ್ನು ಬಿಡಿಸಿ ಹೇಳುತ್ತಿರಲಿಲ್ಲ. ಬಟ್ಟೆಯನ್ನು ಯುರೋಪಿನಿಂದ ಓಡಿಬಂದ ದರ್ಜಿಗಳು ಫ್ರೆಂಚ್ ಮಾದರಿಯಲ್ಲೇ ಹೊಲಿದುಕೊಡುತ್ತಿದ್ದರು, ಏಕೆಂದರೆ ಕಾಲರ್ ಕೂರುವ ರೀತಿ, ಗುಂಡಿ ಹೊಲಿಯುವ ಬಗೆ ಎರಡು ದೇಶಗಳಲ್ಲಿ ಬೇರೆ ಬೇರೆ. ವಿಮಾನ ಏರುವ ಮುನ್ನ ವೆರಾ ಅಟ್ಕಿನ್ಸ್ ತಾನೇ ನಿಂತು ಪ್ರತಿಯೊಬ್ಬರ ಜೇಬು ತಡಕುತ್ತಿದ್ದಳು. ಲಂಡನ್ನಿನ ಬಸ್ ಟಿಕೆಟ್ ಉಳಿದಿದ್ದರೆ ತೆಗೆದು, ಪ್ಯಾರಿಸ್ಸಿನ ಹಳೆಯ ಮೆಟ್ರೊ ಟಿಕೆಟ್ ತುರುಕುತ್ತಿದ್ದಳು. ಬೇಕೆಂದವರಿಗೆ ಸಯನೈಡ್ ಗುಳಿಗೆಯನ್ನೂ ಕೊಡುತ್ತಿದ್ದರು.

ಇಷ್ಟೆಲ್ಲ ಆದರೂ ಅಭ್ಯಾಸಬಲ ಬಿಡುತ್ತದೆಯೇ? ಪ್ಯಾರಿಸ್ ತಲುಪಿದ ಹೊಸದರಲ್ಲಿ ನೂರ್ ಬಟ್ಟಲಿಗೆ ಮೊದಲು ಹಾಲು ಹಾಕಿ ಆಮೇಲೆ ಚಹಾ ಸುರಿದಳಂತೆ. ಜೊತೆಗಿದ್ದ ಫ್ರೆಂಚ್ ಮಹಿಳೆ, ಇದು ಇಂಗ್ಲಿಷರ ಪದ್ಧತಿ, ಇನ್ನೊಮ್ಮೆ ಮಾಡಬೇಡ ಎಂದು ಎಚ್ಚರಿಸಿದಳು.

ಫ್ರಾನ್ಸಿನೊಳಗೆ ಕೆಲಸ ನಡೆಯುತ್ತಿದ್ದದ್ದು ಸಣ್ಣ ಸಣ್ಣ ಜಾಲಗಳ ಮೂಲಕ. ಒಂದು ಜಾಲಕ್ಕೆ ಮೂರು ಕಂಬ. ಒಬ್ಬ ಸಂಘಟಕ: ಜನರನ್ನು ಸೇರಿಸುವವನು, ಏನು ಒಡೆಯಬೇಕೆಂದು ನಿರ್ಧರಿಸುವವನು. ಒಬ್ಬ ವೈರ್‌ಲೆಸ್ ಆಪರೇಟರ್: ಲಂಡನ್ನಿನೊಂದಿಗೆ ಮಾತಾಡುವವನು. ಮೂರನೆಯದು ಕೊರಿಯರ್. ಸಂಘಟಕನೂ ಆಪರೇಟರನೂ ಒಂದೆಡೆ ಕಾಣಿಸಿಕೊಳ್ಳಬಾರದು. ಒಬ್ಬ ಸಿಕ್ಕರೆ ಇನ್ನೊಬ್ಬ ಉಳಿಯಬೇಕು. ಹಾಗಾಗಿ ಇಬ್ಬರ ನಡುವೆ ಓಡಾಡುವ ಕೊರಿಯರ್ ಇಡೀ ಜಾಲದ ನರ. ಹೆಂಗಸರಲ್ಲಿ ಹೆಚ್ಚಿನವರು ಮಾಡಿದ್ದು ಈ ಕೆಲಸ. ಬರೆದಿಟ್ಟರೆ ಅಪಾಯವಾದ್ದರಿಂದ ಹೇಳಬೇಕಾದುದನ್ನು ಬಾಯಿಪಾಠ ಮಾಡಿಕೊಂಡು, ಉಳಿದದ್ದನ್ನು ತರಕಾರಿ ಬುಟ್ಟಿಯ ತಳದಲ್ಲೋ ಸೈಕಲ್ ಹ್ಯಾಂಡಲಿನ ಕೊಳವೆಯಲ್ಲೋ ಅಡಗಿಸಿಕೊಂಡು, ರೈಲು ನಿಲ್ದಾಣದ ತಪಾಸಣೆ ದಾಟಿ ಹೋಗುವುದು. ದಿನದಿನವೂ ಅಪರಿಚಿತರ ಎದುರು ಸುಳ್ಳಿನ ಬದುಕನ್ನು ಸಹಜವಾಗಿ ನಟಿಸುವುದು.

1942ರ ಸೆಪ್ಟೆಂಬರ್ 24ರ ರಾತ್ರಿ ಪ್ಯಾರಾಶೂಟಿನಲ್ಲಿ ಫ್ರಾನ್ಸಿಗೆ ಇಳಿದ ಮೊದಲ ಇಬ್ಬರು ಹೆಂಗಸರಲ್ಲಿ ಒಬ್ಬಳು ಲೀಸ್ ದ ಬೆಸಾಕ್, ಮಾರಿಷಸ್‌ನಲ್ಲಿ ಹುಟ್ಟಿದವಳು. ಪ್ವಾತಿಯೇ ಊರಿನಲ್ಲಿ ಆಕೆ ಬಾಡಿಗೆಗೆ ಹಿಡಿದ ಮನೆ ಜರ್ಮನ್ನರ ರಹಸ್ಯ ಪೊಲೀಸ್ ಪಡೆಯಾದ ಗೆಸ್ಟಾಪೊ ಕಚೇರಿಯ ಹತ್ತಿರವೇ ಇತ್ತು. ಹಳೆಯ ಕಲ್ಲು, ಸ್ಮಾರಕಗಳ ಹುಚ್ಚಿನ ವಿಧವೆ ಎಂದು ಊರವರ ಮುಂದೆ ಹೇಳಿಕೊಂಡಳು. ಕಲ್ಲು ನೋಡುವ ನೆಪದಲ್ಲಿ ಸೈಕಲ್ ಹತ್ತಿ, ವಿಮಾನ ಇಳಿಯಲು, ಪ್ಯಾರಾಶೂಟ್ ಬೀಳಲು ತಕ್ಕ ಬಯಲುಗಳನ್ನು ಗುರುತಿಸಿಟ್ಟಳು. ದೀಪದ ಕೆಳಗೆ ಕತ್ತಲು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಬಳಸಿಕೊಂಡವರು ವಿರಳ. ಅತ್ತ ಲಿಯೊನ್ ನಗರದಲ್ಲಿ ಅಮೆರಿಕದ ವರ್ಜೀನಿಯಾ ಹಾಲ್ ಪತ್ರಕರ್ತೆಯ ಸೋಗಿನಲ್ಲಿ 1941ರಿಂದಲೇ ಇದ್ದಳು. ಬೇಟೆಯ ಅವಘಡದಲ್ಲಿ ಎಡಗಾಲು ಕಳೆದುಕೊಂಡು ಮರದ ಕಾಲು ಕಟ್ಟಿಕೊಂಡವಳು. ಆ ಕಾಲಿಗೆ ‘ಕತ್‌ಬರ್ಟ್’ ಎಂದು ಹೆಸರಿಟ್ಟಿದ್ದಳು. 1942ರ ನವೆಂಬರಿನಲ್ಲಿ ಹಿಮ ಮುಚ್ಚಿದ ಪಿರೆನೀಸ್ ಪರ್ವತ ದಾಟಿ ಓಡುವಾಗ, ಕತ್‌ಬರ್ಟ್ ತೊಂದರೆ ಕೊಡದಿದ್ದರೆ ಸಾಕು ಎಂದು ಸಂದೇಶ ಕಳಿಸಿದಳು. ಕತ್‌ಬರ್ಟ್ ಯಾರೆಂದು ಗೊತ್ತಿಲ್ಲದ ಲಂಡನ್ ಕಚೇರಿ, ತೊಂದರೆ ಕೊಟ್ಟರೆ ಅವನನ್ನು ಮುಗಿಸಿಬಿಡು ಎಂದು ಉತ್ತರಿಸಿತು!

ಈಗ ರೇಡಿಯೊ ಕೆಲಸಕ್ಕೆ ಬರೋಣ. ಸೂಟ್‌ಕೇಸಿನೊಳಗೆ ಕೂರುತ್ತಿದ್ದ ಯಂತ್ರದ ತೂಕ ಸುಮಾರು 15 ಕಿಲೊ. ಅದಕ್ಕೆ ಇಪ್ಪತ್ತು ಮೀಟರಿನಷ್ಟು ಉದ್ದದ ಏರಿಯಲ್ ತಂತಿಯನ್ನು ಹೊರಗೆ ಕಟ್ಟಬೇಕು. ಸಂದೇಶ ಕಳಿಸಲು ಗುಂಡಿ ಒತ್ತಿದ ಕ್ಷಣದಿಂದ ನೀವು ಅಡಗಿಲ್ಲ. ರೇಡಿಯೊ ಅಲೆ ಲಂಡನ್ನಿಗೆ ಹೋದಂತೆಯೇ ಜರ್ಮನ್ನರ ಕಿವಿಗೂ ಹೋಗುತ್ತದೆ. ದೂರದ ಎರಡು ಮೂರು ಕೇಂದ್ರಗಳಲ್ಲಿ ಕುಳಿತವರು, ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಅಳೆದು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಗೆರೆಗಳು ಕೂಡುವಲ್ಲಿ ನಿಮ್ಮ ಪಟ್ಟಣ. ಆಮೇಲೆ ಸಾಮಾನ್ಯ ವ್ಯಾನಿನಂತೆ ಕಾಣುವ ಗಾಡಿಗಳು ಬಂದು ಬೀದಿಯನ್ನು ಹಿಡಿಯುತ್ತವೆ. ಒಂದೊಂದೇ ಬಡಾವಣೆಯ ವಿದ್ಯುತ್ ತೆಗೆಯುವ ಉಪಾಯವೂ ಇತ್ತು: ಯಾವ ಬಡಾವಣೆಯ ಕರೆಂಟು ಹೋದಾಗ ಸದ್ದು ನಿಂತಿತೋ ನೀವು ಅಲ್ಲಿದ್ದೀರಿ. ಕೊನೆಗೆ ಕೋಟಿನೊಳಗೆ ಯಂತ್ರ ಅಡಗಿಸಿಕೊಂಡವನೊಬ್ಬ ಮನೆಮನೆಯ ಮುಂದೆ ನಡೆದು ಬರುತ್ತಾನೆ. ಹೀಗಾಗಿ ಕೆಲವೇ ನಿಮಿಷ ಕಳಿಸಿ, ಗಂಟುಮೂಟೆ ಕಟ್ಟಿ ಇನ್ನೊಂದು ಮನೆಗೆ ಹೋಗಬೇಕು. ಪ್ಯಾರಿಸ್ಸಿನಲ್ಲಿ ಆಪರೇಟರ್ ಒಬ್ಬನ ಆಯುಷ್ಯ ಸರಾಸರಿ ಆರು ವಾರ ಎಂದು ಲೆಕ್ಕ ಹಾಕುತ್ತಿದ್ದರು.

ಕಳಿಸುವ ಮಾತು ಗೂಢಲಿಪಿಯಲ್ಲಿರಬೇಕು. ಆ ಲಿಪಿಯನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು, ಮುಂದಿನ ದುರಂತಕ್ಕೆ ಇದೇ ಬಾಗಿಲು. ಏಜೆಂಟರು ಒಂದು ಪದ್ಯವನ್ನು ಕಂಠಪಾಠ ಮಾಡಿರುತ್ತಿದ್ದರು. ಅದರ ಕೆಲವು ಪದಗಳೇ ಆ ದಿನದ ಕೀಲಿ. ನಮ್ಮ ಅಕ್ಷರದಲ್ಲೇ ಮಾಡಿ ನೋಡೋಣ. ಕೀಲಿಪದ ‘ಮರದ’ ಎಂದಿರಲಿ. ವರ್ಣಮಾಲೆಯ ಕ್ರಮದಲ್ಲಿ ‘ದ’ ಮೊದಲು, ‘ಮ’ ಎರಡನೆಯದು, ‘ರ’ ಮೂರನೆಯದು. ಸಂದೇಶ ‘ರಾತ್ರಿ ವಿಮಾನ ಬರಲಿದೆ’. ಕೀಲಿಪದದ ಮೂರು ಅಕ್ಷರಗಳ ಕೆಳಗೆ ಸಂದೇಶವನ್ನು ಸಾಲು ಸಾಲಾಗಿ ಬರೆಯಿರಿ: ರಾ, ತ್ರಿ, ವಿ, ಅದರ ಕೆಳಗೆ ಮಾ, ನ, ಬ, ಅದರ ಕೆಳಗೆ ರ, ಲಿ, ದೆ. ಈಗ ಅಡ್ಡಕ್ಕೆ ಓದದೆ, ಮೊದಲು ‘ದ’ದ ಕೆಳಗಿನ ಕಂಬಸಾಲು, ಆಮೇಲೆ ‘ಮ’ದ್ದು, ಕೊನೆಗೆ ‘ರ’ದ್ದು ಎಂದು ಮೇಲಿನಿಂದ ಕೆಳಕ್ಕೆ ಓದಿ. ‘ವಿಬದೆರಾಮಾರತ್ರಿನಲಿ’ ಎಂಬ ಅರ್ಥವಿಲ್ಲದ ಸರಮಾಲೆ ಸಿಗುತ್ತದೆ. ಇದನ್ನೇ ಇನ್ನೊಂದು ಕೀಲಿಯ ಕೆಳಗೆ ಮತ್ತೆ ಬರೆದು ಮತ್ತೆ ಕಲಕುತ್ತಿದ್ದರು. ನಿಜವಾದ ಕೀಲಿ ಮೂರು ಅಕ್ಷರದ್ದಲ್ಲ, ಇಪ್ಪತ್ತರ ಆಸುಪಾಸಿನದು. ಚಳಿಯ ಕೋಣೆಯಲ್ಲಿ, ಬೀದಿಯ ಸದ್ದಿಗೆ ಕಿವಿಗೊಟ್ಟುಕೊಂಡು, ಒಂದೂ ತಪ್ಪಿಲ್ಲದೆ ಇದನ್ನು ಮಾಡಬೇಕು. ಪದ್ಯದ ಪದ್ಧತಿಗೆ ದೊಡ್ಡ ದೋಷವೂ ಇತ್ತು: ಏಜೆಂಟನನ್ನು ಹಿಂಸಿಸಿ ಪದ್ಯ ಬಾಯಿಬಿಡಿಸಿದರೆ ಹಳೆಯ ಸಂದೇಶಗಳೆಲ್ಲ ಬಯಲು. ಸಂಕೇತ ವಿಭಾಗದ ಲಿಯೊ ಮಾರ್ಕ್ಸ್ ಎಂಬ ಇಪ್ಪತ್ತರ ಹರೆಯದ ಜಾಣ ಇದರ ವಿರುದ್ಧ ಹೋರಾಡಿ, ಕೀಲಿಗಳನ್ನು ರೇಷ್ಮೆ ಬಟ್ಟೆಯ ಮೇಲೆ ಮುದ್ರಿಸಿ ಕೊಡುವ ಕ್ರಮ ತಂದ. ಬಳಸಿದ ಸಾಲನ್ನು ಕತ್ತರಿಸಿ ಸುಟ್ಟುಬಿಡಬಹುದು. ನಾರ್ಮಂಡಿಯಲ್ಲಿ ಸಾಬೂನು ಮಾರುವ ಹುಡುಗಿಯಂತೆ ಓಡಾಡಿ 135 ಸಂದೇಶ ಕಳಿಸಿದ ಫಿಲಿಸ್ ಲಾಟೂರ್ ಆ ರೇಷ್ಮೆಯನ್ನು ಹೆಣಿಗೆ ಕಡ್ಡಿಗೆ ಸುತ್ತಿ, ಕೂದಲು ಕಟ್ಟುವ ದಾರದೊಳಗೆ ಸೇರಿಸಿಕೊಂಡಿದ್ದಳು.

ಹಿಡಿದವರು ಏಜೆಂಟನ ಕೈಯಿಂದಲೇ ಸುಳ್ಳು ಸಂದೇಶ ಕಳಿಸಿದರೆ ಲಂಡನ್ನಿಗೆ ಗೊತ್ತಾಗುವುದು ಹೇಗೆ? ಅದಕ್ಕೊಂದು ಗುಟ್ಟಿನ ಗುರುತು ಇತ್ತು. ಇಂತಿಂಥ ಕಡೆ ಬೇಕೆಂದೇ ಒಂದು ಅಕ್ಷರ ತಪ್ಪು ಮಾಡಬೇಕು ಎಂಬಂಥ ಗುರುತು. ಒಂದು ತೋರಿಕೆಯದು, ಹಿಂಸೆ ತಾಳಲಾರದಾಗ ಹೇಳಿಬಿಡಬಹುದಾದದ್ದು. ಇನ್ನೊಂದು ನಿಜವಾದದ್ದು, ಸತ್ತರೂ ಹೇಳಬಾರದ್ದು. ನಿಜವಾದ ಗುರುತು ಇಲ್ಲದ ಸಂದೇಶ ಬಂತೆಂದರೆ, ಏಜೆಂಟ್ ಸಿಕ್ಕಿಬಿದ್ದಿದ್ದಾನೆ ಎಂದು ತಿಳಿಯಬೇಕು. ಎಷ್ಟು ಸರಳ, ಎಷ್ಟು ಸುಂದರ.

ನೂರ್ ಈ ಲೋಕಕ್ಕೆ ಬಂದದ್ದು 1943ರ ಜೂನ್ 16ರ ರಾತ್ರಿ. ಲೈಸಾಂಡರ್ ಎಂಬ ಪುಟ್ಟ ವಿಮಾನಗಳು ಬೆಳದಿಂಗಳಿನಲ್ಲಿ, ನೆಲದ ಮೇಲೆ ಹಿಡಿದ ಕೆಲವೇ ಟಾರ್ಚುಗಳ ಬೆಳಕಿಗೆ ಹೊಲದಲ್ಲಿ ಇಳಿಯುತ್ತಿದ್ದವು. ಆಕೆಯೊಡನೆ ಡಯಾನಾ ರೌಡನ್, ಸೆಸಿಲಿ ಲೆಫಾರ್ಟ್ ಎಂಬ ಇನ್ನಿಬ್ಬರು ಹೆಂಗಸರಿದ್ದರು. ಮೂವರಲ್ಲಿ ಒಬ್ಬಳೂ ಮರಳಲಿಲ್ಲ. ಬ್ಯೂಲಿಯ ತರಬೇತುದಾರರು ನೂರ್ ಬಗ್ಗೆ ಒಳ್ಳೆಯ ವರದಿ ಕೊಟ್ಟಿರಲಿಲ್ಲ: ಬುದ್ಧಿ ಹೆಚ್ಚೇನಿಲ್ಲ, ಮನಸ್ಸು ಚಂಚಲ, ಈ ಕೆಲಸಕ್ಕೆ ತಕ್ಕವಳೇ ಎಂಬುದು ಅನುಮಾನ. ಬಕ್‌ಮಾಸ್ಟರ್ ಅದರ ಅಂಚಿನಲ್ಲಿ ‘ಅಸಂಬದ್ಧ’ ಎಂದು ಗೀಚಿದ. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದಿದ್ದ, ವೀಣೆ ಮತ್ತು ಹಾರ್ಪ್ ನುಡಿಸುತ್ತಿದ್ದ, ಸುಳ್ಳು ಹೇಳಲು ಅಂಜುತ್ತಿದ್ದ ಹುಡುಗಿಯನ್ನು ಕಳಿಸಬಾರದಿತ್ತೇ? ತರಬೇತುದಾರರು ಅಷ್ಟೇನೂ ತಪ್ಪಿರಲಿಲ್ಲ ಎಂದು ಒಮ್ಮೊಮ್ಮೆ ನನಗೆ ಅನಿಸುತ್ತದೆ. ಆದರೆ ಫ್ರೆಂಚ್ ಚೆನ್ನಾಗಿ ಬಲ್ಲ ಆಪರೇಟರುಗಳ ಬರ ಇತ್ತು, ಆಕೆಯ ಬೆರಳು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕಳಿಸುವ ಕೀಲಿಯ ಮೇಲೆ ವೇಗವಾಗಿ ಆಡುತ್ತಿತ್ತು. ಫ್ರಾನ್ಸಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಆಕೆ.

ತಲುಪಿ ಒಂದು ವಾರವಾಗಿರಬೇಕು, ಪ್ಯಾರಿಸ್ಸಿನ ಅತಿ ದೊಡ್ಡ ಜಾಲವಾಗಿದ್ದ ‘ಪ್ರಾಸ್ಪರ್’ ಕುಸಿಯಿತು. ಸಂಘಟಕ ಫ್ರಾನ್ಸಿಸ್ ಸಟ್ಟಿಲ್, ಆಪರೇಟರ್ ಗಿಲ್ಬರ್ಟ್ ನಾರ್ಮನ್, ಕೊರಿಯರ್ ಆಂಡ್ರೆ ಬೊರೆಲ್, ಮೂರು ಕಂಬಗಳೂ ಒಟ್ಟಿಗೆ ಬಿದ್ದವು. ಅವರ ಹಿಂದೆಯೇ ನೂರಾರು ಫ್ರೆಂಚರ ಬಂಧನ. ಕಂಬಗಳು ಒಂದರಿಂದ ಒಂದು ದೂರ ಇರಬೇಕೆಂಬ ನಿಯಮವನ್ನು ಅವರು ಪಾಲಿಸಿರಲಿಲ್ಲ. ಒಟ್ಟಿಗೆ ಊಟ, ಒಟ್ಟಿಗೆ ಇಸ್ಪೀಟು. ಒಂಟಿತನ ಮನುಷ್ಯರಿಂದ ಮಾಡಿಸುವ ತಪ್ಪು ಅದು. ಮರಳಿ ಬಾ ಎಂದು ಲಂಡನ್ ನೂರ್‌ಗೆ ಹೇಳಿತು. ಇನ್ನೊಬ್ಬ ಆಪರೇಟರ್ ಬರುವ ತನಕ ಬರಲಾರೆ ಎಂದಳು. ಮೂರೂವರೆ ತಿಂಗಳು, ಕೂದಲ ಬಣ್ಣ ಬದಲಿಸುತ್ತ, ಮನೆ ಬದಲಿಸುತ್ತ, ಆ 15 ಕಿಲೊ ಹೊತ್ತು ತಿರುಗಿದಳು. ನ್ಯುಯಿಯಲ್ಲಿ ಮರಕ್ಕೆ ಏರಿಯಲ್ ಕಟ್ಟಲು ಹೆಣಗಾಡುತ್ತಿದ್ದಾಗ ಅದೇ ಕಟ್ಟಡದಲ್ಲಿದ್ದ ಜರ್ಮನ್ ಅಧಿಕಾರಿಯೊಬ್ಬ ಕೈ ಜೋಡಿಸಿದನೆಂದೂ, ಅದು ಬಟ್ಟೆ ಒಣಹಾಕುವ ತಂತಿ ಎಂದು ಅವನು ತಿಳಿದಿದ್ದನೆಂದೂ ಹೇಳುತ್ತಾರೆ. ಯಾರೋ ಕೊಟ್ಟ ಸುಳಿವಿನಿಂದ ಅಕ್ಟೋಬರ್ ಮಧ್ಯದಲ್ಲಿ ಸಿಕ್ಕಿಬಿದ್ದಳು. ಹಿಡಿಯಲು ಬಂದವನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು.

ಆಕೆಯ ಕೋಣೆಯಲ್ಲಿ ಒಂದು ನೋಟ್‌ಪುಸ್ತಕ ಸಿಕ್ಕಿತು. ಅದುವರೆಗೆ ಕಳಿಸಿದ, ಪಡೆದ ಸಂದೇಶಗಳೆಲ್ಲ ಅದರಲ್ಲಿ, ಗೂಢಲಿಪಿಯಲ್ಲೂ ಸಾದಾ ಭಾಷೆಯಲ್ಲೂ. ಇಂಥ ಮೂರ್ಖತನ ಹೇಗಾಯಿತು? ಆಕೆಗೆ ಕೊಟ್ಟಿದ್ದ ಲಿಖಿತ ಆದೇಶದಲ್ಲಿ, ಸಂದೇಶಗಳನ್ನು ‘ಫೈಲ್’ ಮಾಡುವಾಗ ಬಹಳ ಎಚ್ಚರ ವಹಿಸಬೇಕು ಎಂದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು, ಪತ್ರಕರ್ತರು ಸುದ್ದಿ ‘ಫೈಲ್’ ಮಾಡುತ್ತಾರಲ್ಲ, ಆ ಅರ್ಥ: ರವಾನಿಸುವುದು. ನಮ್ಮ ಕಚೇರಿಗಳಲ್ಲಿ ಯಾವ ಗುಮಾಸ್ತನನ್ನು ಕೇಳಿದರೂ ಹೇಳುವ ಅರ್ಥವನ್ನೇ ನೂರ್ ಹಿಡಿದಳು: ಜೋಪಾನವಾಗಿ ಜೋಡಿಸಿಡುವುದು. ಯುದ್ಧಾನಂತರದ ಇತಿಹಾಸಕಾರರು ಕೊಟ್ಟ ಈ ವಿವರಣೆ ಸರಿಯಾಗಿದ್ದರೆ, ಒಂದು ಕ್ರಿಯಾಪದ ಎಷ್ಟು ಜೀವ ತಿಂದಿತು ಎಂದು ನೆನೆದು ಮೈ ಜುಮ್ಮೆನ್ನುತ್ತದೆ.

ಪ್ಯಾರಿಸ್ಸಿನ 84, ಅವೆನ್ಯೂ ಫೋಶ್‌ನಲ್ಲಿ ಜರ್ಮನ್ ಭದ್ರತಾ ಸೇವೆಯ ಕಚೇರಿ. ನೂರ್‌ಳಿಂದ ತಮಗೆ ಏನೂ ಸಿಗಲಿಲ್ಲ ಎಂದು ಅಲ್ಲಿಯ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧ ಮುಗಿದ ಮೇಲೆ ಹೇಳಿದ. ಬೇಕೂ ಇರಲಿಲ್ಲ. ನೋಟ್‌ಪುಸ್ತಕ ಇತ್ತು, ಯಂತ್ರ ಇತ್ತು, ಮೋರ್ಸ್ ಬಲ್ಲ ಜರ್ಮನ್ನರಿದ್ದರು. ಆಕೆಯ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಹೋಗತೊಡಗಿತು. ರೇಡಿಯೊ ಆಟ ಎಂದು ಜರ್ಮನ್ನರು ಇದನ್ನು ಕರೆಯುತ್ತಿದ್ದರು.

ಲಂಡನ್ ಇದನ್ನು ಹಿಡಿಯಬೇಕಿತ್ತು. ಸಂಕೇತದಲ್ಲಿ ನೂರ್‌ಳಿಗೆ ಪಾಠ ಹೇಳಿದ್ದ ಲಿಯೊ ಮಾರ್ಕ್ಸ್, ಸುಳ್ಳು ಹೇಳಲು ಒಲ್ಲದ ಆಕೆಗಾಗಿಯೇ ಒಂದು ಗುರುತನ್ನು ಏರ್ಪಡಿಸಿದ್ದಾಗಿ ಮುಂದೆ ಬರೆದುಕೊಂಡಿದ್ದಾನೆ: ಹದಿನೆಂಟು ಅಕ್ಷರದ ಕೀಲಿಯನ್ನು ಎಂದೂ ಬಳಸಬೇಡ, ಬಳಸಿದರೆ ನೀನು ಸೆರೆಯಲ್ಲಿದ್ದೀ ಎಂದು ನಾನು ತಿಳಿಯುತ್ತೇನೆ. ಹದಿನೆಂಟು ಅಕ್ಷರದ ಕೀಲಿಯ ಸಂದೇಶ ಬಂತು. ಅವನು ಮೇಲಿನವರಿಗೆ ತಿಳಿಸಿದ. ಬಕ್‌ಮಾಸ್ಟರ್ ನಂಬಲಿಲ್ಲ. ಇದು ಮೊದಲ ಸಲವೂ ಆಗಿರಲಿಲ್ಲ. ಗಿಲ್ಬರ್ಟ್ ನಾರ್ಮನ್ ಸಿಕ್ಕಿಬಿದ್ದಾಗ ಅವನ ಹೆಸರಿನ ಸಂದೇಶದಲ್ಲಿ ನಿಜವಾದ ಗುರುತು ಇರಲಿಲ್ಲ. ಲಂಡನ್, ನಿನ್ನ ಎರಡನೆಯ ಗುರುತು ಹಾಕಲು ಮರೆತಿದ್ದೀ, ಮುಂದೆ ಜಾಗ್ರತೆ ಎಂದು ಬುದ್ಧಿವಾದ ಹೇಳಿ ಕಳಿಸಿತ್ತು. ಗುರುತು ಎರಡಿವೆ ಎಂಬುದನ್ನು ಜರ್ಮನ್ನರಿಗೆ ತಿಳಿಸಿದ್ದು ಬೇಕರ್ ಸ್ಟ್ರೀಟೇ. ಹಾಲೆಂಡಿನಲ್ಲಿ ಇದೇ ಬಗೆಯ ಕುರುಡುತನದಿಂದ ಐವತ್ತಕ್ಕೂ ಹೆಚ್ಚು ಏಜೆಂಟರು ನೇರವಾಗಿ ಜರ್ಮನ್ನರ ಕೈಗೆ ಇಳಿದರು.

ಫ್ರಾನ್ಸಿನಲ್ಲಿ ಆದದ್ದು ಇಷ್ಟು. 1944ರ ಫೆಬ್ರವರಿ ಕೊನೆಯ ರಾತ್ರಿ, ನೂರ್ ಹೆಸರಿನ ರೇಡಿಯೊ ಮೂಲಕ ಗೊತ್ತು ಮಾಡಿದ ಬಯಲಿಗೆ, ಶಾರ್ತ್ರ್ ಹತ್ತಿರ, ಮೂವರು ಪ್ಯಾರಾಶೂಟಿನಲ್ಲಿ ಇಳಿದರು. ಕೆಳಗೆ ಜರ್ಮನ್ನರು ಕಾದಿದ್ದರು. ಆ ಮೂವರಲ್ಲಿ ಒಬ್ಬಳು ಮೇಡ್ಲಿನ್ ಡಾಮೆರ್‌ಮಾ. ‘ಮೇಡ್ಲಿನ್’ ಎಂಬುದೇ ನೂರ್‌ಳ ಗುಪ್ತನಾಮವೂ ಆಗಿತ್ತು.

ನೂರ್ ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಮೊದಲ ಸಲ ಸ್ನಾನದ ನೆಪ ಹೇಳಿ ಕಿಟಕಿಯಿಂದ. ಎರಡನೆಯ ಸಲ ಇನ್ನಿಬ್ಬರು ಕೈದಿಗಳೊಡನೆ ಚಾವಣಿಯ ಗವಾಕ್ಷಿಯಿಂದ. ಸರಿಯಾಗಿ ಅದೇ ಹೊತ್ತಿಗೆ ಬ್ರಿಟಿಷ್ ವಿಮಾನ ದಾಳಿಯ ಸೈರನ್ ಕೂಗಿ, ಕೋಣೆಗಳ ತಪಾಸಣೆ ನಡೆದು ಸಿಕ್ಕಿಬಿದ್ದರು. ಇನ್ನು ಓಡುವುದಿಲ್ಲ ಎಂದು ಬರೆದುಕೊಡು ಎಂದರು. ಕೊಡಲಿಲ್ಲ. ನವೆಂಬರಿನಲ್ಲಿ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಕಳಿಸಿ, ಕೈಕಾಲಿಗೆ ಸರಪಳಿ ಹಾಕಿ, ಒಂಟಿ ಕೋಣೆಯಲ್ಲಿ ಹತ್ತು ತಿಂಗಳು ಇಟ್ಟರು. ಪಕ್ಕದ ಕೋಣೆಗಳಲ್ಲಿದ್ದ ಫ್ರೆಂಚ್ ಹೆಂಗಸರು ಊಟದ ತಟ್ಟೆಯ ತಳದಲ್ಲಿ ಮಾತು ಗೀಚಿ ಕಳಿಸುತ್ತಿದ್ದರು. ನೂರ್ ಒಂದು ಸಲ ಗೀಚಿದಳು: ನೋರಾ ಬೇಕರ್, 4, ಟಾವಿಟನ್ ಸ್ಟ್ರೀಟ್, ಲಂಡನ್. ಬೇಕರ್ ಆಕೆಯ ತಾಯಿಯ ಮನೆತನದ ಹೆಸರು. 1944ರ ಸೆಪ್ಟೆಂಬರ್ 13ರ ಬೆಳಗ್ಗೆ ಡಖಾವ್ ಎಂಬ ನಾಜಿ ಸೆರೆಶಿಬಿರದಲ್ಲಿ ನಾಲ್ವರು ಹೆಂಗಸರನ್ನು ಗುಂಡಿಕ್ಕಿ ಕೊಂದರು: ಯೋಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮೇಡ್ಲಿನ್ ಡಾಮೆರ್‌ಮಾ, ನೂರ್.

ಯುದ್ಧ ಮುಗಿದಾಗ ಎಫ್ ವಿಭಾಗದ 118 ಜನ ಎಲ್ಲಿದ್ದಾರೆಂದು ತಿಳಿದಿರಲಿಲ್ಲ. ವೆರಾ ಅಟ್ಕಿನ್ಸ್ ಜರ್ಮನಿಗೆ ಹೋಗಿ, ಶಿಬಿರಗಳ ಕಾವಲುಗಾರರನ್ನೂ ಅಧಿಕಾರಿಗಳನ್ನೂ ಎದುರು ಕೂರಿಸಿಕೊಂಡು ಪ್ರಶ್ನಿಸಿ, ಒಬ್ಬನನ್ನು ಬಿಟ್ಟು ಎಲ್ಲರ ಕೊನೆಯನ್ನೂ ಪತ್ತೆ ಮಾಡಿದಳು. ಅದರಲ್ಲೂ ಒಂದು ತಪ್ಪಾಯಿತು. 1944ರ ಜುಲೈ 6ರಂದು ನಾಟ್ಸ್‌ವೈಲರ್ ಶಿಬಿರದಲ್ಲಿ ಕೊಂದ ನಾಲ್ವರಲ್ಲಿ ಒಬ್ಬಳು ನೂರ್ ಎಂದು ತೀರ್ಮಾನಿಸಿದ್ದಳು. ತಟ್ಟೆಯ ತಳದ ಆ ವಿಳಾಸವನ್ನು ನೆನಪಿಟ್ಟುಕೊಂಡಿದ್ದ ಸಹಕೈದಿಯೊಬ್ಬಳು ಪತ್ರ ಬರೆದ ಮೇಲೆ ಸತ್ಯ ಗೊತ್ತಾಯಿತು. ನಾಟ್ಸ್‌ವೈಲರ್‌ನಲ್ಲಿ ಸತ್ತವಳು ಸೋನ್ಯಾ ಓಲ್‌ಶಾನೆಜ್ಕಿ. ಫ್ರಾನ್ಸಿನಲ್ಲೇ ಸೇರಿಸಿಕೊಂಡವಳಾದ್ದರಿಂದ ಲಂಡನ್ ಕಚೇರಿ ಆಕೆಯ ಮುಖವನ್ನೇ ಕಂಡಿರಲಿಲ್ಲ. ಫ್ರಾನ್ಸಿನ ವಾಲೆನ್ಸೇ ಊರಿನ ಸ್ಮಾರಕದಲ್ಲಿ ಎಫ್ ವಿಭಾಗದ 104 ಹೆಸರುಗಳಿವೆ, 13 ಹೆಂಗಸರವು. ಹೋದ ಹೆಂಗಸರಲ್ಲಿ ಮೂರರಲ್ಲೊಂದು ಪಾಲು. ಅವರಲ್ಲಿ ಒಬ್ಬಳು ಮೆದುಳುಜ್ವರದಿಂದ ಸತ್ತಳು, ಉಳಿದವರು ಶಿಬಿರಗಳಲ್ಲಿ. 2020ರಲ್ಲಿ ಟಾವಿಟನ್ ಸ್ಟ್ರೀಟಿನ ಆ ನಾಲ್ಕನೆಯ ಸಂಖ್ಯೆಯ ಮನೆಗೆ ನೂರ್ ಹೆಸರಿನ ನೀಲಿ ಫಲಕ ಹಾಕಿದರು.

ಬದುಕಿ ಬಂದವರು ಬಹುತೇಕ ಬಾಯಿ ಬಿಡಲಿಲ್ಲ. ಇಂಗ್ಲೆಂಡಿನ ಟಾರ್ಕಿ ಪಟ್ಟಣದಲ್ಲಿ 2010ರಲ್ಲಿ ಐಲೀನ್ ನಿಯರ್ನ್ ಎಂಬ ಒಂಟಿ ಮುದುಕಿ ತೀರಿಕೊಂಡಾಗ, ಅಂತ್ಯಕ್ರಿಯೆ ಮಾಡಲು ಯಾರೂ ಇಲ್ಲವೆಂದು ನಗರಸಭೆಯವರೇ ಮುಂದಾದರು. ನೆಂಟರ ವಿಳಾಸ ಹುಡುಕುತ್ತ ಮನೆ ತಡಕಿದವರಿಗೆ ಪದಕಗಳು ಸಿಕ್ಕಿದವು. ನೀರಿನಲ್ಲಿ ಮುಳುಗಿಸುವ ಚಿತ್ರಹಿಂಸೆಯನ್ನೂ ರಾವೆನ್ಸ್‌ಬ್ರೂಕ್ ಶಿಬಿರವನ್ನೂ ಕಂಡು ಬಂದ ವೈರ್‌ಲೆಸ್ ಆಪರೇಟರ್ ಆ ಊರವರ ನೆರೆಮನೆಯಲ್ಲಿದ್ದಳು.

ಪರ್ಲ್ ವಿದರಿಂಗ್‌ಟನ್ ಮಾತ್ರ ಸುಮ್ಮನಿರುವ ಜಾಯಮಾನದವಳಲ್ಲ. ಸೌಂದರ್ಯ ಸಾಮಗ್ರಿ ಮಾರುವವಳ ಸೋಗಿನ ಕೊರಿಯರ್ ಆಗಿದ್ದಳು. 1944ರ ಮೇ ತಿಂಗಳಲ್ಲಿ ಸಂಘಟಕ ಸಿಕ್ಕಿಬಿದ್ದಾಗ ತಾನೇ ಜಾಲದ ಮುಖ್ಯಸ್ಥಳಾಗಿ ಕಾಡಿನಲ್ಲಿ ಅಡಗಿ ಕಾದಾಡುತ್ತಿದ್ದ ಪ್ರತಿರೋಧದ ಸಾವಿರಾರು ಯೋಧರನ್ನು ನಡೆಸಿದಳು. ಯುದ್ಧದ ನಂತರ ಸರ್ಕಾರ ಎಂಬಿಇ ಪದಕ ಕೊಟ್ಟಿತು, ನಾಗರಿಕರ ವರ್ಗದ್ದು; ಹೆಂಗಸಾದ್ದರಿಂದ ಸೈನಿಕ ಪದಕ ಕೊಡುವಂತಿರಲಿಲ್ಲವಂತೆ. ನಾನು ಮಾಡಿದ್ದರಲ್ಲಿ ನಾಗರಿಕವಾದದ್ದೇನೂ ಇರಲಿಲ್ಲ ಎಂದು ಅದನ್ನು ವಾಪಸು ಕಳಿಸಿದಳು. ಸೈನಿಕ ವರ್ಗದ ಪದಕ ಆಮೇಲೆ ಬಂತು. ಆದರೂ ಆಕೆಗೆ ಇನ್ನೊಂದು ಕೊರಗು ಉಳಿದಿತ್ತು. ಪ್ಯಾರಾಶೂಟ್ ಪಡೆಯವರು ತೋಳಿಗೆ ಹಚ್ಚುವ ಬಟ್ಟೆಯ ರೆಕ್ಕೆಯ ಬಿಲ್ಲೆಗೆ ಐದು ಜಿಗಿತ ಬೇಕು. ಗಂಡಸರಿಗೆ ತರಬೇತಿಯಲ್ಲಿ ನಾಲ್ಕು, ಶತ್ರುನಾಡಿಗೆ ಒಂದು. ಹೆಂಗಸರಿಗೆ ತರಬೇತಿಯಲ್ಲಿ ಮೂರೇ. ಹಾಗಾಗಿ ಕತ್ತಲಲ್ಲಿ ಜರ್ಮನ್ನರ ನಡುವೆ ಜಿಗಿದದ್ದು ಸೇರಿಸಿದರೂ ನಾಲ್ಕೇ ಆಗುತ್ತಿತ್ತು. ಅರವತ್ತಕ್ಕೂ ಹೆಚ್ಚು ವರ್ಷ ಸಿಕ್ಕಸಿಕ್ಕವರ ಹತ್ತಿರ ಆಕೆ ಇದನ್ನು ಹೇಳಿ ಗೊಣಗಿದಳು. 2006ರಲ್ಲಿ, ಆಕೆಗೆ ತೊಂಬತ್ತೊಂದಾಗಿದ್ದಾಗ, ವಾಯುಪಡೆಯವರು ಫ್ರಾನ್ಸಿಗೆ ಬಂದು ಆ ಬಿಲ್ಲೆಯನ್ನು ಕೈಗಿತ್ತರು.